ಕೋದಂಡದಿಂದ ಮುಂದಿನ ಬೆಂಚಿನವರೆಗೆ

ಸುವರ್ಣ ಮಹೋತ್ಸವ ಸಮಿತಿಯವರು ನನಗೆ ಒಪ್ಪಿಸಿದ ವಿಷಯ ‘ನಮ್ಮ ಶಾಲೆಯ ಶಿಸ್ತಿನ ಪರಂಪರೆ’. ನಾನು ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಕಟ್ಟಡವಿಲ್ಲದ ಆ ದಿನಗಳಲ್ಲಿ ವೀರಭದ್ರ ದೇವರ ಗುಡಿಯ ಪೌಳಿಯಲ್ಲಿ ಕೂತು ಎಂಟನೆಯ ತರಗತಿ ಓದಿದವನು. ಮುಂದೆ ಬೇರೆ ಬೇರೆ ಊರುಗಳಲ್ಲಿ ನೌಕರಿ ಮಾಡಿ, ಇಲ್ಲಿಗೇ ಸಮಾಜ ವಿಜ್ಞಾನದ ಶಿಕ್ಷಕನಾಗಿ ಬಂದು, ಇಲ್ಲಿಂದಲೇ ನಿವೃತ್ತನಾದೆ. ಶಿಸ್ತಿನ ಎರಡೂ ತುದಿ ಕಂಡವನು ಎಂಬ ಕಾರಣಕ್ಕೆ ಈ ವಿಷಯ ನನ್ನ ಪಾಲಿಗೆ ಬಂದಿರಬೇಕು. ಏಟು ತಿಂದವನೂ ನಾನೇ, ಏಟು ಕೊಟ್ಟವನೂ ನಾನೇ.

ಸಂಚಿಕೆಗೆ ಬಂದ ಹಳೆಯ ವಿದ್ಯಾರ್ಥಿಗಳ ಲೇಖನಗಳನ್ನು ಸಂಪಾದಕರು ನನಗೆ ಓದಲು ಕೊಟ್ಟಿದ್ದರು. ಬಹಳಷ್ಟು ಮಂದಿ ಹುಣಸೆ ಬರಲನ್ನು ನೆನೆದಿದ್ದಾರೆ. ಗಣಿತದ ಮೇಷ್ಟ್ರ ಏಟು, ಬೆರಳ ಸಂದಿಯಲ್ಲಿ ಪೆನ್ನಿಟ್ಟು ಒತ್ತಿದ ನೋವು, ಬಿಸಿಲಲ್ಲಿ ಮೊಣಕಾಲೂರಿದ್ದು, ನೂರು ಬಸ್ಕಿ, ಇವೆಲ್ಲವನ್ನೂ ಪ್ರೀತಿಯಿಂದಲೇ ಬರೆದು ಕೊನೆಗೆ ‘ಅಂದು ಹೊಡೆದಿದ್ದರಿಂದಲೇ ಇಂದು ನಾವು ಮನುಷ್ಯರಾದೆವು’ ಎಂದು ಮುಗಿಸಿದ್ದಾರೆ. ಅವರ ಗುರುಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಇತಿಹಾಸದ ಮೇಷ್ಟ್ರಾಗಿ ನನ್ನದೊಂದು ತಕರಾರಿದೆ. ಲೇಖನ ಬರೆದವರೆಲ್ಲ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವರು. ನಡುವೆ ಬಿಟ್ಟುಹೋದವರು ಲೇಖನ ಕಳಿಸಿಲ್ಲ, ಅವರನ್ನು ನಾವು ಕೇಳಿಯೂ ಇಲ್ಲ. ಅವರ ಹೆಸರು ಸಿಗುವುದು ಒಂದೇ ಕಡೆ: ಆಫೀಸಿನ ಬೀರುವಿನಲ್ಲಿರುವ ದಾಖಲಾತಿ ವಹಿಯ ಷರಾ ಕಾಲಮ್ಮಿನಲ್ಲಿ. ಆ ಕಾಲಮ್ಮಿಗೆ ಆಮೇಲೆ ಬರುತ್ತೇನೆ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಅಜ್ಜ ಐಗಳ ಮಠದಲ್ಲಿ ಓದಿದವರು. ಮರಳಿನ ಮೇಲೆ ಬೆರಳಿಂದ ತಿದ್ದಿ ಅಕ್ಷರ ಕಲಿತದ್ದನ್ನೂ, ಸಂಜೆ ಸಾಲಾಗಿ ನಿಂತು ಮಗ್ಗಿ ಕೂಗಿದ್ದನ್ನೂ ಹೇಳುವಾಗ ಅವರ ಮುಖ ಅರಳುತ್ತಿತ್ತು. ‘ಕೋದಂಡ’ ಎಂಬ ಮಾತು ಬಂದರೆ ಮಾತ್ರ ಸುಮ್ಮನಾಗಿಬಿಡುತ್ತಿದ್ದರು. ಪಾಠ ಒಪ್ಪಿಸದ ಹುಡುಗನ ಎರಡೂ ಕೈ ಕಟ್ಟಿ ಜಂತಿಗೆ ನೇತು ಹಾಕುವುದು ಕೋದಂಡ. ಬಹಳ ದಿನ ಇದು ಅಜ್ಜನ ಉತ್ಪ್ರೇಕ್ಷೆ ಎಂದೇ ತಿಳಿದಿದ್ದೆ. ಬಿ.ಎಡ್. ಮಾಡುವಾಗ ಗ್ರಂಥಾಲಯದಲ್ಲಿ ಧರ್ಮಪಾಲ್ ಅವರ ‘ದ ಬ್ಯೂಟಿಫುಲ್ ಟ್ರೀ’ ಪುಸ್ತಕ ಸಿಕ್ಕಿತು. 1983ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಬ್ರಿಟಿಷರ ಕಾಲದ ಹಳೆಯ ಶಾಲಾ ವರದಿಗಳನ್ನು ಹಾಗೆಯೇ ಅಚ್ಚು ಮಾಡಿದ್ದಾರೆ. ಅದರಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯ ವರದಿಯೊಂದಿದೆ.

ಆ ವರದಿಯ ಹಿನ್ನೆಲೆ ಇಷ್ಟು. ನಮ್ಮ ಭಾಗದ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಮನ್ರೋ ಸಾಹೇಬ, ಅಂದರೆ ಥಾಮಸ್ ಮನ್ರೋ, ಮೊದಲು ಈ ಸೀಮೆಯ ಪ್ರಧಾನ ಕಲೆಕ್ಟರನಾಗಿದ್ದು ಆಮೇಲೆ ಮದ್ರಾಸಿನ ಗವರ್ನರನಾದವನು. 1822ರಲ್ಲಿ ಅವನು ಎಲ್ಲ ಜಿಲ್ಲೆಗಳ ಕಲೆಕ್ಟರರಿಂದ ಊರ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ಉತ್ತರ ಇಡೀ ಪ್ರಾಂತದಲ್ಲೇ ವಿಸ್ತಾರವಾದವುಗಳಲ್ಲಿ ಒಂದು. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು, ಈಗಿನ ಆಂಧ್ರದ ಊರುಗಳೂ ಅದರಲ್ಲಿದ್ದವು. ಒಟ್ಟು 533 ಶಾಲೆಗಳು, 6,641 ಮಕ್ಕಳು. ಅವುಗಳಲ್ಲಿ ಕನ್ನಡ ಶಾಲೆಗಳು 235. ಹತ್ತಿರ ಹತ್ತಿರ ಹತ್ತು ಲಕ್ಷ ಜನಸಂಖ್ಯೆಯಲ್ಲಿ ಶಾಲೆಗೆ ಹೋಗುವವರು ಏಳು ಸಾವಿರವೂ ಇಲ್ಲವಲ್ಲ ಎಂದು ಕ್ಯಾಂಪ್‌ಬೆಲ್ಲನೇ ಮರುಗಿದ್ದಾನೆ. ನೇಕಾರರ ಬದುಕು ಕುಸಿದದ್ದು ಇದಕ್ಕೊಂದು ಕಾರಣ ಎಂದೂ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಲೆಯ ದಿನಚರಿಯನ್ನು ಅವನು ವರ್ಣಿಸಿರುವ ಭಾಗ. ಬೆಳಗಿನ ಆರು ಗಂಟೆಗೆ ಶಾಲೆ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೇ ಹಿಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಸೋಮಾರಿ ಹುಡುಗನಿಗೆ ಹೊಡೆತ, ಇಲ್ಲವೇ ಕೈ ಕಟ್ಟಿ ಸೂರಿಗೆ ನೇತು ಹಾಕುವುದು, ಇಲ್ಲವೇ ಎಡೆಬಿಡದೆ ಕೂತು ಏಳಿಸುವುದು. ಅಜ್ಜ ಸುಳ್ಳು ಹೇಳಿರಲಿಲ್ಲ. ಕೂತು ಏಳಿಸುವ ಬಸ್ಕಿಯನ್ನಂತೂ ನಾನೇ ಹೊಡೆದಿದ್ದೆ, ಇದೇ ವೀರಭದ್ರ ದೇವರ ಪೌಳಿಯಲ್ಲಿ, ಆ ವರದಿ ಬರೆದು ನೂರೈವತ್ತು ವರ್ಷ ಕಳೆದ ಮೇಲೆ.

ಅಲ್ಲಿಗೆ ನಿಲ್ಲಿಸಿದರೆ ಐಗಳ ಮಠಕ್ಕೆ ಅನ್ಯಾಯವಾದೀತು. ಹೆಚ್ಚು ಕಲಿತ ಹುಡುಗರಿಂದ ಕಡಿಮೆ ಕಲಿತವರಿಗೆ ಪಾಠ ಹೇಳಿಸುವ ಪದ್ಧತಿ ಅಲ್ಲಿತ್ತು. ಕ್ಯಾಂಪ್‌ಬೆಲ್ ಅದನ್ನು ಮೆಚ್ಚಿಕೊಂಡಿದ್ದಾನೆ. ಇಂಗ್ಲೆಂಡಿನವರು ಅದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದಿದ್ದಾನೆ. ಅವನು ಹೇಳಿದ್ದು ನಿಜ. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ನಮ್ಮ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ತನ್ನ ಶಾಲೆಯಲ್ಲೂ ಅದನ್ನೇ ತಂದ. ಮಕ್ಕಳಿಂದಲೇ ಮಕ್ಕಳಿಗೆ ಕಲಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಪುಸ್ತಕ ಬರೆದ. ಆ ಪದ್ಧತಿಗೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರು ನಿಂತಿತು. ಅದೇ ಕಾಲದಲ್ಲಿ ಲಂಡನ್ನಿನ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತನೂ ಇಂಥದೇ ಶಾಲೆ ನಡೆಸಿದ. ಬೆತ್ತದ ಏಟು ಬೇಡ ಎಂದ ಈತ ಅದರ ಬದಲು ಏನು ಮಾಡಿದ ಗೊತ್ತೇ? ತಪ್ಪು ಮಾಡಿದ ಹುಡುಗನ ಕೊರಳಿಗೆ ಮರದ ತುಂಡು ಕಟ್ಟಿದ, ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ಎತ್ತಿ ಎಲ್ಲರೂ ನೋಡಿ ನಗುವಂತೆ ಮಾಡಿದ. ಏಟಿನ ನೋವು ಹೋಗಿ ನಾಚಿಕೆಯ ನೋವು ಬಂತು. ನಮ್ಮ ತರಗತಿಯ ಮಾನಿಟರನು ಕಪ್ಪುಹಲಗೆಯ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಹೆಸರು ಬರೆದು, ಜಾಸ್ತಿ ಮಾತಾಡಿದವರಿಗೆ ಇಂಟು ಮಾರ್ಕು ಹಾಕುತ್ತಿದ್ದನಲ್ಲ, ಅವನ ಮೂಲ ಪುರುಷ ಮದ್ರಾಸಿನಲ್ಲೇ ಹುಟ್ಟಿ, ಲಂಡನ್ನಿಗೆ ಹೋಗಿ, ಹ್ಯಾಟು ಹಾಕಿಕೊಂಡು ವಾಪಸು ಬಂದವನು.

ಈ ವರದಿಯನ್ನು ಓದುತ್ತಾ ಓದುತ್ತಾ ನನಗೊಂದು ವಿಚಾರ ಹೊಳೆದಿತ್ತು. ಇದು ನನ್ನ ಊಹೆ, ಅಷ್ಟೇ. ಐಗಳ ಮಠದಲ್ಲಿ ಗಂಟೆ ಇರಲಿಲ್ಲ, ಪೀರಿಯಡ್ ಇರಲಿಲ್ಲ. ತನ್ನ ಶಕ್ತಿಗೆ ತಕ್ಕಂತೆ ಹುಡುಗ ಒಂದು ಗುಂಪಿನಿಂದ ಇನ್ನೊಂದಕ್ಕೆ ಏರುತ್ತಿದ್ದ. ಮರಳಲ್ಲಿ ತಿದ್ದುವುದು, ಎದ್ದು ನಿಂತು ಕೂಗುವುದು, ಚಿಕ್ಕವರಿಗೆ ಹೇಳಿಕೊಡುವುದು, ಹೀಗೆ ಕೈ ಬಾಯಿ ಕಾಲಿಗೆ ಏನಾದರೊಂದು ಕೆಲಸ ಇರುತ್ತಿತ್ತು. ಸರ್ಕಾರಿ ಶಾಲೆಗಳು ಬಂದವು, ವಯಸ್ಸಿಗೊಂದು ತರಗತಿ ಬಂತು, ಬೆಂಚು ಬಂತು. ನಲವತ್ತು ನಿಮಿಷ ಅರವತ್ತು ಮಕ್ಕಳು ಒಂದೇ ಕಡೆ ಮುಖ ಮಾಡಿ ಒಂದೇ ಮಾತು ಕೇಳಬೇಕು ಎಂಬ ನಿಯಮ ಬಂತು. ಅಲ್ಲಾಡದೆ ಕೂರಲಾರದ ಹುಡುಗ ಎಲ್ಲ ಕಾಲದಲ್ಲೂ ಇದ್ದಾನೆ. ಅವನು ಎದ್ದು ಕಾಣತೊಡಗಿದ್ದು ಬೆಂಚು ಬಂದ ಮೇಲೆ.

ನಾನು ಇಲ್ಲಿಗೆ ಶಿಕ್ಷಕನಾಗಿ ಬಂದಾಗ ಒಂದೊಂದು ಸೆಕ್ಷನ್ನಿನಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳಿದ್ದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ದೈಹಿಕ ಶಿಕ್ಷೆಯನ್ನು ಶಾಲೆಯಿಂದ ದೂರ ಇಡಬೇಕೆಂದು ಆಗಲೇ ಹೇಳಿಯಾಗಿತ್ತು. ಆ ನೀತಿ ನಮ್ಮ ಸ್ಟಾಫ್ ರೂಮಿನ ಬಾಗಿಲು ದಾಟಿ ಒಳಗೆ ಬಂದಿರಲಿಲ್ಲ. ‘ಛಡಿ ಛಂ ಛಂ, ವಿದ್ಯೆ ಘಂ ಘಂ’ ಎಂದು ನಾವೂ ಹೇಳುತ್ತಿದ್ದೆವು, ಊರಿನವರೂ ಹೇಳುತ್ತಿದ್ದರು. ಹುಡುಗನನ್ನು ಸೇರಿಸಲು ಬಂದ ತಂದೆ ಮೊದಲು ಹೇಳುತ್ತಿದ್ದ ಮಾತೇ ‘ಬಡಿದು ಬುದ್ಧಿ ಕಲಿಸ್ರಿ ಸಾರ್, ನಾವೇನೂ ಕೇಳಾಕ ಬರಲ್ಲ’ ಎಂಬುದು. ಬರಲು ತರುವವರು ಹುಡುಗರೇ. ಯಾವ ಮರದ್ದು ಜಾಸ್ತಿ ಉರಿಯುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಆ ವರ್ಷಗಳಲ್ಲಿ ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದ. ಅವನ ಹೆಸರು ಬರೆಯುವುದಿಲ್ಲ. ಈ ಲೇಖನ ಬರೆಯುವ ಮೊದಲು ಅವನನ್ನು ಕೇಳಿದೆ. ‘ಬರೀರಿ ಸಾರ್, ಹೆಸರು ಮಾತ್ರ ಬ್ಯಾಡ’ ಎಂದ. ಕಿಟಕಿಯ ಪಕ್ಕ ಕೂರುತ್ತಿದ್ದ. ಕೂರುತ್ತಿದ್ದ ಎನ್ನುವುದೂ ತಪ್ಪೇ. ಒಂದು ಕಾಲು ಯಾವಾಗಲೂ ಹೊರಗೆ, ಬೆರಳು ಡೆಸ್ಕಿನ ಮೇಲೆ ತಮಟೆ ಬಾರಿಸುತ್ತಲೇ ಇರುತ್ತಿತ್ತು. ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಕೂಗುತ್ತಿದ್ದ. ಹತ್ತರಲ್ಲಿ ನಾಲ್ಕು ಸಲ ಅದು ಸರಿಯೂ ಇರುತ್ತಿತ್ತು. ನೋಟ್ಸು ಅರ್ಧಕ್ಕೇ ನಿಲ್ಲುತ್ತಿತ್ತು. ವಾರಕ್ಕೊಂದು ಪೆನ್ನು ಕಳೆಯುತ್ತಿದ್ದ. ನಿನ್ನೆ ಕೊಟ್ಟ ಏಟು ಇವತ್ತು ಅವನಿಗೆ ನೆನಪಿರುತ್ತಿರಲಿಲ್ಲ ಎನಿಸುತ್ತಿತ್ತು. ಅದೇ ತಪ್ಪು, ಅದೇ ನಗು. ಆ ನಗುವೇ ನನ್ನನ್ನು ಕೆರಳಿಸುತ್ತಿತ್ತು. ಬೇಕಂತಲೇ ಮಾಡುತ್ತಾನೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಒಂದು ದಿನ ಇನ್ಸ್‌ಪೆಕ್ಷನ್ನಿಗೆ ಸಾಹೇಬರು ಬರುವವರಿದ್ದರು. ಭಾರತದ ನಕ್ಷೆ ಬರೆದು ತರಲು ಹೇಳಿದ್ದೆ. ಅವನು ತಂದದ್ದರಲ್ಲಿ ದೇಶದ ಗೆರೆ ಗುಜರಾತಿನವರೆಗೆ ಬಹಳ ಚೆಂದವಾಗಿ ಬಂದು ಅಲ್ಲಿಗೇ ನಿಂತಿತ್ತು. ಉಳಿದ ಜಾಗದಲ್ಲಿ ಟ್ರ್ಯಾಕ್ಟರಿನ ಚಿತ್ರ. ನಾನು ಆ ನೋಟುಬುಕ್ಕನ್ನು ಎಲ್ಲರೆದುರು ಹರಿದೆ, ಬರಲು ಮುರಿಯುವ ತನಕ ಹೊಡೆದೆ, ‘ನಿನಗೆ ಶಾಲೆ ಯಾಕೆ, ಎಮ್ಮೆ ಕಾಯಿ ಹೋಗು’ ಎಂದೆ. ತರಗತಿ ನಕ್ಕಿತು. ಅವನು ಅಂದು ನಗಲಿಲ್ಲ. ಮರುದಿನ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ನಾನು ಮನೆಗೆ ಹೋಗಿ ವಿಚಾರಿಸಲಿಲ್ಲ. ನಿಜ ಹೇಳಬೇಕೆಂದರೆ ತರಗತಿ ಸುಮ್ಮನಾಯಿತಲ್ಲ ಎಂದು ನನಗೆ ಹಾಯೆನಿಸಿತ್ತು. ಕೆಲವು ತಿಂಗಳ ಮೇಲೆ ದಾಖಲಾತಿ ವಹಿಯ ಷರಾ ಕಾಲಮ್ಮಿನಲ್ಲಿ ‘ದೀರ್ಘ ಗೈರುಹಾಜರಿ, ಹೆಸರು ಕಡಿಮೆ ಮಾಡಿದೆ’ ಎಂದು ಬರೆಯಲಾಯಿತು. ಅಕ್ಷರ ನನ್ನದೇ. ಆಗ ಗುಮಾಸ್ತರು ರಜೆಯಲ್ಲಿದ್ದರು.

ಆ ಕಾಲಮ್ಮಿನಲ್ಲಿ ಅಂಥ ಹೆಸರುಗಳು ಇನ್ನೂ ಇವೆ. ಕೆಲವರದು ಬಡತನ, ಕೆಲವರದು ಬರಗಾಲದ ಗುಳೆ, ಹುಡುಗಿಯರದು ಮದುವೆ. ಎಲ್ಲವನ್ನೂ ನಮ್ಮ ಬರಲಿನ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಎಷ್ಟು ಹೆಸರು ನಮ್ಮ ಲೆಕ್ಕಕ್ಕೆ ಸೇರಬೇಕು ಎಂಬುದನ್ನು ಷರಾ ಹೇಳುವುದಿಲ್ಲ.

ಅಷ್ಟರಲ್ಲಾಗಲೇ ಜಗತ್ತಿನ ಇನ್ನೊಂದು ಕಡೆ ಈ ಕಿಟಕಿ ಪಕ್ಕದ ಹುಡುಗನ ಬಗ್ಗೆ ಬಹಳ ಬರೆದಾಗಿತ್ತು. ಜರ್ಮನಿಯ ಫ್ರಾಂಕ್‌ಫರ್ಟಿನ ಹೈನ್ರಿಕ್ ಹಾಫ್‌ಮನ್ ಎಂಬ ವೈದ್ಯ ತನ್ನ ಮೂರು ವರ್ಷದ ಮಗನಿಗೆಂದು ಬರೆದು 1845ರಲ್ಲಿ ಅಚ್ಚು ಹಾಕಿಸಿದ ಚಿತ್ರಪುಸ್ತಕದಲ್ಲಿ ಒಬ್ಬ ಹುಡುಗ ಬರುತ್ತಾನೆ. ಊಟದ ಮೇಜಿನ ಮುಂದೆ ಸುಮ್ಮನೆ ಕೂರಲಾರದೆ ಕುರ್ಚಿ ಅಲ್ಲಾಡಿಸಿ, ಕೊನೆಗೆ ಮೇಜಿನ ಬಟ್ಟೆ ಸಮೇತ ಊಟವನ್ನೆಲ್ಲ ನೆಲಕ್ಕೆ ಕೆಡವುತ್ತಾನೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿಯೇ ಇದ್ದರೂ ಗಮನ ನಿಲ್ಲಿಸಲಾರದ, ತಮ್ಮನ್ನು ತಾವು ತಡೆದುಕೊಳ್ಳಲಾರದ, ಶಿಕ್ಷೆಯಾದ ಸ್ವಲ್ಪ ಹೊತ್ತಿಗೇ ಅದೇ ತಪ್ಪು ಮಾಡುವ ಮಕ್ಕಳ ಕುರಿತು ಉಪನ್ಯಾಸ ಮಾಡಿದ. ಅದನ್ನು ನೀತಿಯ ಕೊರತೆ ಎಂಬಂತೆ ಅವನು ಕರೆದ. ಅದು ಆ ಕಾಲದ ಕನ್ನಡಕ. ಆದರೂ ಇದು ಬರೀ ತುಂಟತನವಲ್ಲ, ಬರೀ ಸಾಕಿದವರ ತಪ್ಪೂ ಅಲ್ಲ ಎಂದು ವೈದ್ಯನೊಬ್ಬ ವಿದ್ವಾಂಸರ ಸಭೆಯಲ್ಲಿ ಹೇಳಿದ್ದು ದೊಡ್ಡ ಮಾತು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಇಂಥ ಮಕ್ಕಳಲ್ಲಿ ಕೆಲವರಿಗೆ ಔಷಧಿಯಿಂದ ಓದಿನಲ್ಲಿ ಅನುಕೂಲವಾಗುವುದನ್ನು ಕಂಡ. ಈಗ ಎಡಿಎಚ್‌ಡಿ ಎಂದು ಕರೆಯುವ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದು 1987ರಲ್ಲಿ. ಕನ್ನಡದಲ್ಲಿ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎನ್ನಬಹುದು.

ಇದೆಲ್ಲ ದೂರದ ಮಾತು ಎನ್ನುವಂತೆಯೂ ಇಲ್ಲ. 1974ರಲ್ಲಿ, ನಾವು ಪೌಳಿಯಲ್ಲಿ ಕೂತು ಎಂಟನೆಯ ತರಗತಿ ಓದುತ್ತಿದ್ದ ವರ್ಷ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. 1985ರಲ್ಲಿ ನಿಮ್ಹಾನ್ಸಿನವರು ಮನಸ್ಸಿನ ಕಾಯಿಲೆಗೆ ಊರೂರಲ್ಲೇ ಚಿಕಿತ್ಸೆ ಸಿಗುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಒಂದು ಪ್ರಯೋಗ ನಡೆಸಿದರು. ಅದಕ್ಕೆ ಆರಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯನ್ನೇ. ‘ಬಳ್ಳಾರಿ ಮಾದರಿ’ ಎಂದು ಅದು ದೇಶದಲ್ಲೆಲ್ಲ ಹೆಸರಾಯಿತು, 1996ರಲ್ಲಿ ಶುರುವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಅದೇ ಜಿಲ್ಲೆಯ ಶಾಲೆಯೊಂದರಲ್ಲಿ ನಾನು ಬರಲು ಮುರಿಯುತ್ತಿದ್ದೆ.

ನನಗೆ ವಿಷಯ ತಿಳಿದದ್ದು ಇನ್ನೂ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಒಂದು ತರಬೇತಿಯಲ್ಲಿ. ತರಬೇತಿ ಎಂದರೆ ಗೊತ್ತಲ್ಲ, ಬೆಳಿಗ್ಗೆ ಟೀ, ಮಧ್ಯಾಹ್ನ ಚಿತ್ರಾನ್ನ, ನಡುವೆ ಸಹಿ. ಅಂದು ಬಂದ ವೈದ್ಯರೊಬ್ಬರು ಚಾರ್ಟು ಹಾಕದೆ ಬರೀ ಮಾತಿನಲ್ಲೇ ಹೇಳುತ್ತಾ ಹೋದರು. ವಸ್ತು ಕಳೆಯುವುದು. ಶುರು ಮಾಡಿದ್ದನ್ನು ಮುಗಿಸಲಾರದಿರುವುದು. ಸರದಿ ಕಾಯಲಾರದಿರುವುದು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು. ಕೈಕಾಲು ಸುಮ್ಮನಿರದಿರುವುದು. ಇವು ಚಿಕ್ಕಂದಿನಿಂದ ಇರಬೇಕು, ತಿಂಗಳುಗಟ್ಟಲೆ ಇರಬೇಕು, ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಕಾಣಬೇಕು, ಆಗ ಮಾತ್ರ ತೋರಿಸಿ ಎಂದರು. ಪಕ್ಕದವರು ಬರೆದುಕೊಳ್ಳುತ್ತಿದ್ದರು. ನನಗೆ ಬರೆಯುವುದು ಬೇಕಿರಲಿಲ್ಲ. ಗುಜರಾತಿನಲ್ಲಿ ನಿಂತ ನಕ್ಷೆ ಕಣ್ಣ ಮುಂದಿತ್ತು.

ಅವರು ಇನ್ನೆರಡು ಮಾತು ಹೇಳಿದ್ದರು, ಈಗಿನ ಶಿಕ್ಷಕ ಮಿತ್ರರಿಗಾಗಿ ಅವನ್ನು ಇಲ್ಲಿ ಹೇಳಬೇಕು. ಚಡಪಡಿಸುವ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಬೇಡಿ. ಹೊಟ್ಟೆಗಿಲ್ಲದ ಮಗು, ರಕ್ತ ಕಡಿಮೆಯಿರುವ ಮಗು, ರಾತ್ರಿ ಹೊಲಕ್ಕೆ ನೀರು ಕಟ್ಟಿ ಬಂದ ಹುಡುಗ, ಮನೆಯಲ್ಲಿ ಕುಡಿದು ಬಡಿದಾಡುವುದನ್ನು ನೋಡಿ ಬಂದ ಹುಡುಗಿ, ಯಾರಿಗೂ ಗಮನ ನಿಲ್ಲದು. ಇದು ನನ್ನ ಅನುಭವವೂ ಹೌದು. ಹಿಂದಿನ ಬೆಂಚಿನಲ್ಲಿ ಕೂತು ಸದಾ ಪಕ್ಕದವನ ಪುಸ್ತಕ ಇಣುಕುತ್ತಿದ್ದ ಒಬ್ಬ ಹುಡುಗನಿಗೆ ಕಾಪಿ ಚೀಟಿ ಎಂದೇ ಹೆಸರಿತ್ತು. ಕಣ್ಣಿನ ತಪಾಸಣೆಯ ದಿನ ಗೊತ್ತಾಯಿತು, ಅವನಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಬಿಸಿಯೂಟ ಪ್ರೌಢಶಾಲೆಗೂ ಬಂದ ಮೇಲೆ ಮಧ್ಯಾಹ್ನದ ಪೀರಿಯಡ್ಡುಗಳು ಎಷ್ಟು ಬದಲಾದವು ಎಂಬುದನ್ನು ಆಗ ಪಾಠ ಮಾಡಿದವರನ್ನೇ ಕೇಳಬೇಕು.

ಇನ್ನೊಂದು ಮಾತು ಹುಡುಗಿಯರದು. ಗದ್ದಲ ಮಾಡುವ ಹುಡುಗ ಎಲ್ಲರಿಗೂ ಕಾಣುತ್ತಾನೆ. ಸುಮ್ಮನೆ ಕೂತು ಎಲ್ಲೋ ನೋಡುವ ಹುಡುಗಿಯನ್ನು ‘ಪಾಪ, ಸಾಧು’ ಎನ್ನುತ್ತೇವೆ. ಅವಳಿಗೂ ಗಮನದ್ದೇ ತೊಂದರೆ ಇರಬಹುದು. ಅವಳು ಫೇಲಾದಾಗ ದಡ್ಡಿ ಎಂದು ಬರೆದು ಮುಗಿಸುತ್ತೇವೆ. ಅಂಥವರು ಯಾರು ಯಾರು ಎಂದು ಹಿಂದಿನದನ್ನು ನೆನೆದರೆ ನನಗೆ ಮುಖಗಳೇ ನೆನಪಾಗುವುದಿಲ್ಲ. ನಮ್ಮ ಕಣ್ಣು ಅವರ ಮೇಲೆ ಬಿದ್ದೇ ಇರಲಿಲ್ಲವಲ್ಲ.

2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರ 17ನೆಯ ಕಲಮಿನಂತೆ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಕೊಡುವಂತಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ. ಪೋಲೆಂಡಿನವರು 1783ರಲ್ಲೇ ಶಾಲೆಯ ಏಟನ್ನು ನಿಲ್ಲಿಸಿದ್ದರು. ನಮಗೆ ಬೆತ್ತದ ಜತೆಗೆ ಇಂಗ್ಲಿಷನ್ನೂ ಕಲಿಸಿದ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಅದು ನಿಂತದ್ದು 1987ರಲ್ಲಿ. ನಮ್ಮಲ್ಲಿ ಈ ಕಾಯ್ದೆ 6ರಿಂದ 14 ವಯಸ್ಸಿನ ಮಕ್ಕಳಿಗೆ ಎಂಬ ಕಾರಣಕ್ಕೆ ‘ಹಂಗಾದ್ರೆ ಎಂಟನೇ ಕ್ಲಾಸಿಗೆ ಬ್ಯಾಡ, ಒಂಬತ್ತಕ್ಕೆ ನಡೀತೈತೇನು?’ ಎಂದು ಸ್ಟಾಫ್ ರೂಮಿನಲ್ಲಿ ನಗೆಚಾಟಿಕೆ ನಡೆಯಿತು. ನಗುವಿನ ಒಳಗೆ ಭಯವೂ ಇತ್ತು. ಕೋಲು ಕೈಬಿಟ್ಟಿತು. ಅದರ ಜಾಗಕ್ಕೆ ಬೇರೆ ಏನು ಎಂಬುದನ್ನು ಯಾರೂ ನಮಗೆ ಸರಿಯಾಗಿ ಹೇಳಿಕೊಡಲಿಲ್ಲ. ಕೆಲವರು ಪಾಠ ಕೇಳದವನನ್ನು ಕೇಳದಂತೆಯೇ ಬಿಟ್ಟರು. ಕೆಲವರ ಕೋಲು ನಾಲಿಗೆಗೆ ಬಂತು. ಲ್ಯಾಂಕಾಸ್ಟರನ ಬುಟ್ಟಿ ಇನ್ನೂ ಸೂರಿನಲ್ಲೇ ತೂಗುತ್ತಿತ್ತು.

ಆ ಹೊತ್ತಿಗೆ ನನಗೆ ನೆರವಾದದ್ದು ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’. ಅದರ ಮೇಷ್ಟ್ರು ಮೊದಲ ದಿನ ಮಕ್ಕಳನ್ನು ಶಾಂತಿಯ ಆಟ ಆಡಿಸಲು ಹೋಗಿ ಪೂರ್ತಿ ಸೋಲುತ್ತಾನೆ. ಶಾಂತಿ ಎಂದ ಕೂಡಲೇ ತರಗತಿ ಸಂತೆಯಾಗುತ್ತದೆ. ಮರುದಿನ ಕಥೆ ಹೇಳತೊಡಗಿದಾಗ ತಾನಾಗಿ ಸದ್ದಡಗುತ್ತದೆ. ನಾನು ಅಶೋಕನ ಪಾಠವನ್ನು ನಮ್ಮ ಜಿಲ್ಲೆಯ ನಿಟ್ಟೂರಿನ ಬಂಡೆ ಶಾಸನದಿಂದ ಕಥೆ ಮಾಡಿ ಶುರು ಮಾಡಿದೆ. ಇಪ್ಪತ್ತು ವರ್ಷದಿಂದ ಮಾಡಿದ ಅದೇ ಪಾಠ. ಅಂದು ಕಿಟಕಿಯ ಕಡೆ ಯಾರೂ ನೋಡಲಿಲ್ಲ.

2016ರ ಜೂನಿನಲ್ಲಿ ಸೇರ್ಪಡೆಯ ದಿನ ಒಬ್ಬಾತ ಮಗನನ್ನು ಕರೆದುಕೊಂಡು ಬಂದ. ಹುಡುಗನ ಕೈ ನನ್ನ ಮೇಜಿನ ಪೇಪರ್‌ವೇಟನ್ನು ಆಗಲೇ ಬುಗುರಿ ಮಾಡಿತ್ತು. ಅಪ್ಪ ನಿಂತೇ ಇದ್ದ. ನಾನು ಗುರುತು ಹಿಡಿಯಲಿಲ್ಲ. ‘ಕುಂದ್ರಪ್ಪ’ ಎಂದೆ. ಅವನು ಕೂರಲಿಲ್ಲ.

‘ಇವನೂ ನನ್ನಂಗೇ ಅದಾನ್ರಿ ಸಾರ್. ಹೊಡಿಬ್ಯಾಡ್ರಿ ಅಂತ ಹೇಳಾಕ ಬಂದೀನಿ.’

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾದದ್ದು. ಸಿಟ್ಟಾಗಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು. ನಾನು ಎದ್ದು ನಿಂತೆ. ‘ತಪ್ಪಾಯಿತಪ್ಪ’ ಎಂದು ಹೇಳಬೇಕೆಂದುಕೊಂಡು ‘ಇಲ್ಲ, ಇಲ್ಲ’ ಎಂದಷ್ಟೇ ಹೇಳಿದೆ. ತಪ್ಪಾಯಿತು ಎಂಬ ಮಾತು ಬಾಯಿಗೆ ಬರಲು ಇನ್ನೂ ಮೂರು ತಿಂಗಳು ಬೇಕಾಯಿತು. ಅದು ಸಂತೆಯಲ್ಲಿ, ಈರುಳ್ಳಿ ಅಂಗಡಿಯ ಮುಂದೆ.

ಆ ಹುಡುಗನೊಂದಿಗೆ ನಾವು ಮಾಡಿದ್ದರಲ್ಲಿ ದೊಡ್ಡದೇನೂ ಇಲ್ಲ. ಕಿಟಕಿಯಿಂದ ಎಬ್ಬಿಸಿ ಮುಂದಿನ ಬೆಂಚಿನಲ್ಲಿ, ಸಮಾಧಾನದ ಹುಡುಗನೊಬ್ಬನ ಪಕ್ಕ ಕೂರಿಸಿದೆವು. ಹತ್ತು ಪ್ರಶ್ನೆಗಳನ್ನು ಒಟ್ಟಿಗೆ ಕೊಡದೆ ಎರಡೆರಡೇ ಕೊಟ್ಟೆವು, ಮುಗಿಸಿದ ಕೂಡಲೇ ನೋಡಿ ಗುರುತು ಹಾಕಿದೆವು. ನಾಳೆ ನೋಡುತ್ತೇನೆ ಎಂದರೆ ಅವನ ಪಾಲಿಗೆ ನೋಡಿದಂತೆಯೇ ಅಲ್ಲ. ಪೀರಿಯಡ್ಡಿನ ನಡುವೆ ಸೀಮೆಸುಣ್ಣ ತರಲು, ಹಾಜರಿ ಪುಸ್ತಕ ಕೊಟ್ಟು ಬರಲು, ಬೋರ್ಡು ಒರೆಸಲು ಅವನನ್ನೇ ಎಬ್ಬಿಸಿದೆ. ಅವನ ಕಾಲಿಗೂ ಸಮಾಧಾನ, ನನ್ನ ಪಾಠಕ್ಕೂ ಸಮಾಧಾನ. ಅವನ ಗಮನ ಹರಿದಾಗ ಹೆಸರು ಕೂಗದೆ ಅವನ ಡೆಸ್ಕಿನ ಮೇಲೆ ಎರಡು ಸಲ ಬೆರಳು ತಟ್ಟುವುದೆಂದು ನಮ್ಮಿಬ್ಬರಲ್ಲಿ ಮಾತಾಗಿತ್ತು. ಉಳಿದ ಮಕ್ಕಳಿಗೆ ಅದು ಗೊತ್ತಿರಲಿಲ್ಲ. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿದೆ. ಅಪ್ಪನಿಗೆ ಒಂದು ದಿನದ ದುಡಿಮೆ ಹೋಗುತ್ತದೆ, ಮೇಲಾಗಿ ಊರಲ್ಲಿ ‘ಹುಚ್ಚಾಸ್ಪತ್ರೆಗೆ ಹೋದ್ರು’ ಎಂಬ ಮಾತು. ಎರಡು ಸಲ ಮುಂದೂಡಿದ. ಮೂರನೆಯ ಸಲ ನಾನೇ ಜತೆಗೆ ಬಸ್ಸು ಹತ್ತಿದೆ. ವೈದ್ಯರು ಹುಡುಗನನ್ನು ನೋಡುತ್ತಾ ಅಪ್ಪನಿಗೂ ಒಂದೆರಡು ಪ್ರಶ್ನೆ ಕೇಳಿದರು. ಇದು ಅನೇಕ ಸಲ ಮನೆತನದಲ್ಲೇ ಬರುತ್ತದೆ ಎಂದರು. ವಾಪಸು ಬರುವಾಗ ಅವನು ಬಸ್ಸಿನ ಕಿಟಕಿಯಿಂದ ಆಚೆ ನೋಡುತ್ತಾ, ‘ಹಂಗಾದ್ರೆ ನಾನು ಬೇಕಂತ ಮಾಡ್ತಿರಲಿಲ್ಲ ಅಲ್ಲೇನ್ರಿ ಸಾರ್’ ಎಂದ. ಅಷ್ಟು ವರ್ಷ ಅವನೂ ಹಾಗೆಯೇ ನಂಬಿದ್ದ.

ಪವಾಡ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹುಡುಗ ಪೆನ್ನು ಕಳೆಯುವುದು ನಿಲ್ಲಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಒಂದು ಕಿಟಕಿ ಗಾಜು ಒಡೆದ. ಹೊಸದಾಗಿ ಬಂದ ಶಿಕ್ಷಕರೊಬ್ಬರಿಗೆ ಈ ಬೆರಳು ತಟ್ಟುವ ವಿದ್ಯೆ ಹಾಸ್ಯವಾಗಿ ಕಂಡಿತು. ಒಬ್ಬನಿಗೆ ಇಷ್ಟು ಮಾಡಿದರೆ ಉಳಿದ ಐವತ್ತು ಮಕ್ಕಳ ಗತಿಯೇನು ಎಂದು ಕೇಳಿದರು. ಆ ಪ್ರಶ್ನೆ ತಪ್ಪಲ್ಲ. ಪೂರ್ತಿ ಉತ್ತರ ನನ್ನ ಬಳಿ ಇಂದಿಗೂ ಇಲ್ಲ. ಎರಡೆರಡು ಪ್ರಶ್ನೆ ಕೊಡುವುದು ಉಳಿದವರಿಗೂ ಒಳ್ಳೆಯದೇ ಆಯಿತು ಎಂದಷ್ಟೇ ಹೇಳಬಲ್ಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಸೇರಿದೆ, ಎಡಿಎಚ್‌ಡಿ ಹೆಸರು ಪ್ರತ್ಯೇಕವಾಗಿ ಇಲ್ಲ. ಆದ್ದರಿಂದ ಇಂಥ ಮಗುವಿಗೆ ಸಿಗುವ ನೆರವು ಬಹುಪಾಲು ಮೇಷ್ಟ್ರ ಕೈಯಲ್ಲೇ ಉಳಿದಿದೆ. ಹುಡುಗ 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಉಳಿಸಿಕೊಂಡು ಪೂರಕ ಪರೀಕ್ಷೆಯಲ್ಲಿ ಪಾಸಾದ. ಷರಾ ಕಾಲಮ್ಮಿನಲ್ಲಿ ‘ಟಿ.ಸಿ. ಕೊಡಲಾಗಿದೆ’ ಎಂದಿದೆ. ಆ ಸಲ ಬರೆದದ್ದು ಗುಮಾಸ್ತರು, ನಾನು ಪಕ್ಕದಲ್ಲಿ ನಿಂತು ನೋಡಿದೆ.

ಸುವರ್ಣ ಮಹೋತ್ಸವದ ಆಹ್ವಾನ ಪತ್ರಿಕೆ ಅಚ್ಚಾಗಿ ಬಂದಾಗ, ಹಂಚುವ ಪಟ್ಟಿಯನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ವಹಿಯಿಂದ ಮಾಡಿದ್ದರು. ದಾಖಲಾತಿ ವಹಿಯಿಂದಲೂ ಮಾಡಬೇಕೆಂದು ನಾನು ಕೇಳಿದೆ. ಸಮಿತಿಯವರು ಒಪ್ಪಿದರು. ಊರಲ್ಲೇ ಇರುವವರಿಗೆ ನಾನೇ ಹೋಗಿ ಕೊಟ್ಟು ಬಂದೆ. ಅವನ ಮನೆಗೂ ಹೋದೆ. ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದ. ಎದ್ದು ಕೈ ಒರೆಸಿಕೊಂಡು ಪತ್ರಿಕೆ ತಿರುಗಿಸಿ ತಿರುಗಿಸಿ ನೋಡಿ ಕೇಳಿದ:

‘ನಾ ಹಳೇ ವಿದ್ಯಾರ್ಥಿ ಹೆಂಗ್ ಆಗ್ತೀನ್ರಿ ಸಾರ್? ಎಂಟರಾಗೇ ಬಿಟ್ಟೀನಲ್ಲ.’

ವಹಿಯಲ್ಲಿ ಹೆಸರಿದೆ ಎಂದೆ. ಮೆರವಣಿಗೆಗೆ ಟ್ರ್ಯಾಕ್ಟರ್ ಬೇಕೇನು ಎಂದು ಕೇಳಿದ. ಬೇಕಿತ್ತು. ಭುವನೇಶ್ವರಿಯ ಭಾವಚಿತ್ರ ಇಡುವ ಟ್ರ್ಯಾಕ್ಟರ್ ಅವನದೇ.